ಅಂತರಪಟದ ಮೇಲೊಂದು ಪರದೆ

ಅಕ್ಕನ ಮಗಳ ಮದುವೆ ವಿಡಿಯೊ ಕೈಸೇರಿ ತಿಂಗಳಾಗಿತ್ತು. ಮೊನ್ನೆ ಭಾನುವಾರ ತಿಪಟೂರಿನ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಪೆನ್‌ಡ್ರೈವನ್ನು ಟಿವಿಗೆ ಸಿಕ್ಕಿಸಿ, ಮಂಡಕ್ಕಿಯ ಬಟ್ಟಲು ನಡುವೆ ಇಟ್ಟುಕೊಂಡು ಕೂತೆವು. ಒಂದು ಗಂಟೆ ಹತ್ತು ನಿಮಿಷದ ವಿಡಿಯೊ. ಮೊದಲು ಗಣಪತಿ, ಆಮೇಲೆ ಕಲ್ಯಾಣ ಮಂಟಪದ ನೆತ್ತಿಯ ಮೇಲೆ ಡ್ರೋನು, ಅರಿಶಿನ, ವರಪೂಜೆ, ಬೀಗರ ಪರಸ್ಪರ ಹಸ್ತಲಾಘವ. ಕೊನೆಗೆ ಮುಹೂರ್ತ ಬಂತು. ಪುರೋಹಿತರು ಅಂತರಪಟ ಹಿಡಿಸಿದರು. ಆ ಕಡೆ ಹುಡುಗ, ಈ ಕಡೆ ಹುಡುಗಿ, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ವಾದ್ಯದವರು ಗಟ್ಟಿಮೇಳಕ್ಕೆ ಸನ್ನೆ ಕಾಯುತ್ತಿದ್ದಾರೆ. ಇನ್ನೇನು ಪಟ ಸರಿಯಬೇಕು, ಅಷ್ಟರಲ್ಲಿ ಇಡೀ ಚಿತ್ರ ಚೌಕದ ಪೆಟ್ಟಿಗೆಯಾಗಿ ಗಿರ್ರನೆ ತಿರುಗಿತು. ಪೆಟ್ಟಿಗೆ ಒಡೆದು ಗುಲಾಬಿ ಎಸಳಾಯಿತು. ಎಸಳುಗಳೆಲ್ಲ ಉದುರಿ ಮುಗಿಯುವ ಹೊತ್ತಿಗೆ ಜೀರಿಗೆ ಬೆಲ್ಲ ಇಬ್ಬರ ತಲೆಯ ಮೇಲೂ ಬಿದ್ದಾಗಿತ್ತು.

‘ಪಟ ತೆಗ್ದಾಗ ಅವ್ಳು ಹೆಂಗ್ ನೋಡಿದ್ಲೋ ನಾನು ಅವತ್ತೂ ನೋಡ್ಲಿಲ್ಲ, ಅವಳ ಹಿಂದ್ಗಡೆ ನಿಂತಿದ್ದೆ’ ಎಂದಳು ಅಕ್ಕ. ‘ವಿಡಿಯೊದಲ್ಲಾದ್ರೂ ನೋಡಣ ಅಂದ್ರೆ ಇಲ್ಲೂ ಇಲ್ವಲ್ಲೋ.’

ಒಂದು ದೃಶ್ಯದಿಂದ ಇನ್ನೊಂದಕ್ಕೆ ದಾಟಿಸುವುದಕ್ಕೆ ಅಂತರಪಟಕ್ಕಿಂತ ಒಳ್ಳೆಯ ಟ್ರಾನ್ಸಿಷನ್ ಯಾವ ಸಾಫ್ಟ್‌ವೇರಿನಲ್ಲೂ ಇದ್ದಂತಿಲ್ಲ. ಒಂದು ಬಿಳಿ ಬಟ್ಟೆ, ಮಧ್ಯೆ ಕುಂಕುಮದ ಸ್ವಸ್ತಿಕ, ಹಿಡಿಯಲು ಇಬ್ಬರು. ಅಷ್ಟೂ ಹೊತ್ತಿನ ಶಾಸ್ತ್ರದಲ್ಲಿ ಅದು ಮೇಲೇಳುವುದು ಒಂದು ಸಲ, ಸರಿಯುವುದು ಒಂದು ಸಲ. ಯಕ್ಷಗಾನದವರಿಗೂ ಈ ಗುಟ್ಟು ಚೆನ್ನಾಗಿ ಗೊತ್ತು. ದೊಡ್ಡ ವೇಷ ರಂಗಕ್ಕೆ ಬರುವಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ರಕ್ಕಸ ಅದರ ಹಿಂದೆಯೇ ಕುಣಿದು, ಅಬ್ಬರಿಸಿ, ಕಿರೀಟವನ್ನಷ್ಟು, ಮುಖವನ್ನಿಷ್ಟು ತೋರಿಸಿ ನಮ್ಮನ್ನು ಕಾಯಿಸುತ್ತಾನೆ. ಹಾಗೆಂದು ಬಂದು ಹೋಗುವ ದೂತನಿಗೆಲ್ಲ ತೆರೆ ಹಿಡಿಯುವುದಿಲ್ಲ. ಕಂಪನಿ ನಾಟಕದವರು ಬೀದಿಯ ಚಿತ್ರದ ಪರದೆ ಇಳಿಬಿಟ್ಟು ಮುಂದೆ ಹಾಸ್ಯಗಾರನನ್ನು ಬಿಡುತ್ತಿದ್ದುದಕ್ಕೂ ಕಾರಣವಿತ್ತು. ಹಿಂದೆ ಅರಮನೆಯ ಸೀನು ಜೋಡಿಸಲು ಹೊತ್ತು ಬೇಕಿತ್ತು.

ಸಿನಿಮಾದಲ್ಲೂ ಹಾಗೆಯೇ. ಒಂದು ಶಾಟಿನ ಕೊನೆಯ ಫ್ರೇಮಿಗೆ ಇನ್ನೊಂದರ ಮೊದಲ ಫ್ರೇಮನ್ನು ನೇರ ತಾಗಿಸಿದರೆ ಅದು ಕಟ್. ಅದಕ್ಕೆ ಹಿಡಿಯುವ ಹೊತ್ತು ಸೊನ್ನೆ. ಒಂದು ಚಿತ್ರ ಇನ್ನೊಂದರಲ್ಲಿ ಕರಗಿದರೆ ಡಿಸಾಲ್ವ್. ಕಾಲ ಸರಿಯಿತು ಎಂದು ನಾವು ಓದಿಕೊಳ್ಳುತ್ತೇವೆ. ಕತ್ತಲೆಗೆ ಇಳಿದರೆ ಫೇಡ್, ಅಧ್ಯಾಯ ಮುಗಿಯಿತು. ಇವನ್ನು ಯಾರೂ ನಮಗೆ ಶಾಲೆಯಲ್ಲಿ ಕಲಿಸಲಿಲ್ಲ. ಟೂರಿಂಗ್ ಟಾಕೀಸಿನ ಮರಳಲ್ಲಿ ಕೂತೇ ಕಲಿತೆವು.

ರೀಲಿನ ಕಾಲದಲ್ಲಿ ಡಿಸಾಲ್ವ್ ಬೇಕೆಂದರೆ ಸಂಕಲನಕಾರ ತಾನು ಕತ್ತರಿಸಿ ಜೋಡಿಸುವ ಪ್ರತಿಯಾದ ವರ್ಕ್ ಪ್ರಿಂಟಿನ ಮೇಲೆ ಮೇಣದ ಪೆನ್ಸಿಲಿನಿಂದ ಓರೆಗೆರೆ ಎಳೆಯುತ್ತಿದ್ದ. ಫೇಡ್ ಬೇಕಿದ್ದರೆ ಎರಡು ಗೆರೆ ಎಳೆದು ತುದಿಯಲ್ಲಿ ಕೂಡಿಸುತ್ತಿದ್ದ. ಉಳಿದದ್ದು ಲ್ಯಾಬಿನ ಪಾಲು. ಕನ್ನಡ ಚಿತ್ರಗಳಿಗೆ ಬಹುಕಾಲ ಲ್ಯಾಬ್ ಎಂದರೆ ಮದರಾಸೇ. ಅಲ್ಲಿ ಆಪ್ಟಿಕಲ್ ಪ್ರಿಂಟರ್ ಎಂಬ ಯಂತ್ರದಲ್ಲಿ ಎರಡು ಶಾಟುಗಳನ್ನು ಒಂದರ ಮೇಲೊಂದು ಮರುಮುದ್ರಿಸಿ ಹೊಸ ನೆಗೆಟಿವ್ ತೆಗೆಯುತ್ತಿದ್ದರು. ಪ್ರತಿಯ ಪ್ರತಿಯಾದ್ದರಿಂದ ಅಷ್ಟು ಭಾಗ ತುಸು ಕಾಳುಕಾಳಾಗಿ, ಬಣ್ಣ ಒಂದು ಕಳೆ ಇಳಿದು ಬರುತ್ತಿತ್ತು. ಮುಂದಿನ ಸಲ ಟಿವಿಯಲ್ಲಿ ಎಪ್ಪತ್ತರ ದಶಕದ ಬಣ್ಣದ ಚಿತ್ರ ಬಂದಾಗ ಗಮನಿಸಿ. ನಾಯಕಿ ಕಿಟಕಿಯಾಚೆ ನೋಡುತ್ತಿರುವಾಗ ಇದ್ದಕ್ಕಿದ್ದಂತೆ ಚಿತ್ರ ಮಂಕಾಯಿತೆಂದರೆ ಇನ್ನೆರಡು ಕ್ಷಣದಲ್ಲಿ ಡಿಸಾಲ್ವ್ ಬರಲಿದೆ ಎಂದೇ ಲೆಕ್ಕ. ಡಿಸಾಲ್ವಿಗೆ ದುಡ್ಡು ಬೀಳುತ್ತಿತ್ತು, ದಿನಗಟ್ಟಲೆ ಕಾಯಬೇಕಿತ್ತು, ಚಿತ್ರದ ಗುಣವೂ ಕೆಡುತ್ತಿತ್ತು. ಇಷ್ಟನ್ನೂ ತೆತ್ತು ಹಾಕಿಸುವ ಮುನ್ನ ಇದು ಬೇಕೇ ಎಂದು ಎರಡು ಸಲ ಯೋಚಿಸುತ್ತಿದ್ದರು.

ಯೋಚಿಸಿದ್ದರಿಂದಲೇ ಆದ ಒಂದು ಲಾಭದ ಕಥೆಯಿದೆ. ಡೇವಿಡ್ ಲೀನ್‌ನ ‘ಲಾರೆನ್ಸ್ ಆಫ್ ಅರೇಬಿಯಾ’ (1962) ಚಿತ್ರದಲ್ಲಿ ಪೀಟರ್ ಒ’ಟೂಲ್ ಉರಿಯುವ ಬೆಂಕಿಕಡ್ಡಿಯನ್ನು ಉಫ್ ಎಂದು ಊದುತ್ತಾನೆ. ಮರುಕ್ಷಣ ಕೆಂಪು ಮರುಭೂಮಿ, ಸೂರ್ಯ ಇನ್ನೂ ಹುಟ್ಟಿಲ್ಲ. ಚಿತ್ರಕಥೆಯಲ್ಲಿ ಬರೆದಿದ್ದುದು ಡಿಸಾಲ್ವ್. ಆದರೆ ಡಿಸಾಲ್ವ್ ಆಗುವುದು ಲ್ಯಾಬಿನಲ್ಲಿ ತಾನೆ? ಸಂಕಲನದ ಕೋಣೆಯಲ್ಲಿ ಎರಡು ತುಂಡುಗಳನ್ನು ಸದ್ಯಕ್ಕೆ ಅಂಟಿಸಿ ನೋಡಿದರು. ಹಾಗೆ ನೋಡಿದ್ದೇ ಬೆರಗಾಯಿತು. ಸಂಕಲನಕಾರ್ತಿ ಆನ್ ವಿ. ಕೋಟ್ಸ್ ಮತ್ತೆ ಕೂತು ಎರಡು ಫ್ರೇಮ್ ಕತ್ತರಿಸಿದರು. ಎರಡೇ ಫ್ರೇಮ್, ಒಂದು ಸೆಕೆಂಡಿನ ಹನ್ನೆರಡನೇ ಒಂದು ಭಾಗ. ಆ ಚಿತ್ರದ ಸಂಕಲನಕ್ಕೆ ಅವರಿಗೆ ಆಸ್ಕರ್ ಬಂತು. ಇವತ್ತಿನ ಗಣಕದಲ್ಲಾಗಿದ್ದರೆ ಡಿಸಾಲ್ವ್ ಅರೆಕ್ಷಣದಲ್ಲಿ ಬಿದ್ದಿರುತ್ತಿತ್ತು, ಆ ಎರಡು ತುಂಡುಗಳನ್ನು ಬರಿದಾಗಿ ಯಾರೂ ನೋಡುತ್ತಲೇ ಇರಲಿಲ್ಲ.

ನಮ್ಮ ಮದುವೆಗಳಿಗೆ ಎಫೆಕ್ಟು ಬಂದದ್ದು ವಿಎಚ್‌ಎಸ್ ಕ್ಯಾಸೆಟ್ಟಿನ ಜೊತೆ. ಕಣ್ಣು ಕುಕ್ಕುವ ವಿಡಿಯೊ ಲೈಟು, ಹಿಂದೆ ವೈರು ಎತ್ತಿ ಹಿಡಿಯಲು ಒಬ್ಬ ಹುಡುಗ. ಎಡಿಟಿಂಗ್ ಎಂಬ ಮಾತು ಆಗ ಬಳಕೆಯಲ್ಲೇ ಇರಲಿಲ್ಲ. ‘ಮಿಕ್ಸಿಂಗ್ ಆಗ್ಬೇಕು, ಇನ್ನೊಂದು ತಿಂಗಳು’ ಎನ್ನುತ್ತಿದ್ದರು. ಮಿಕ್ಸಿಂಗ್ ಆಗಿ ಬಂದ ಕ್ಯಾಸೆಟ್ಟಿನಲ್ಲಿ ತಾವರೆ ಅರಳಿ ಒಳಗಿಂದ ಮದುಮಗಳು, ಹೃದಯ ಬಡಿದು ಅದರೊಳಗಿಂದ ಮದುಮಗ. ಊಟದ ಪಂಕ್ತಿ ಪುಸ್ತಕದ ಪುಟದಂತೆ ಮಗುಚಿಕೊಂಡು ಹೋಗುತ್ತಿತ್ತು. ಪಾಯಸ ಚೆಲ್ಲೀತೆಂದು ನಮಗೆ ಭಯ. ಹುಚ್ಚು ನಮ್ಮೊಬ್ಬರದೇ ಆಗಿರಲಿಲ್ಲ. 1990ರಲ್ಲಿ ಅಮೆರಿಕದ ನ್ಯೂಟೆಕ್ ಕಂಪನಿ ವಿಡಿಯೊ ಟೋಸ್ಟರ್ ಎಂಬ ಉಪಕರಣ ಹೊರತಂದಿತು. ಅಮಿಗಾ ಕಂಪ್ಯೂಟರಿಗೆ ಜೋಡಿಸಿದರೆ ಸಾಕು, ಅಲ್ಲಿಯವರೆಗೆ ದೊಡ್ಡ ಟಿವಿ ಸ್ಟೇಷನ್ನುಗಳ ಸ್ವತ್ತಾಗಿದ್ದ ಎಫೆಕ್ಟುಗಳು ಮನೆಯ ಮೇಜಿನ ಮೇಲೆ. ಆಕಾಶದಿಂದ ಕುರಿಗಳು ಉದುರಿ ದೃಶ್ಯ ಬದಲಾಗುವ ಟ್ರಾನ್ಸಿಷನ್ ಕೂಡ ಅದರಲ್ಲಿತ್ತು. ಕುರಿ ಉದುರಿಸುವಂಥ ಸಂದರ್ಭ ಒಂದು ಜೀವಮಾನದಲ್ಲಿ ಎಷ್ಟು ಸಲ ಬರುತ್ತದೋ ಕಾಣೆ. ಆದರೆ ಗುಂಡಿ ಕೈಯಲ್ಲಿದ್ದ ಮೇಲೆ ಒತ್ತದೆ ಇರುವುದು ಕಷ್ಟ. ಈಗ ಆ ಗುಂಡಿ ಪ್ರತಿಯೊಬ್ಬರ ಜೇಬಿನ ಮೊಬೈಲಿನಲ್ಲಿದೆ, ಅದೂ ಬಿಟ್ಟಿಯಾಗಿ.

ಭಾನುವಾರ ಎಲ್ಲರೂ ಎದ್ದು ಹೋದ ಮೇಲೆ ವಿಡಿಯೊವನ್ನು ಮತ್ತೆ ಹಾಕಿಕೊಂಡು ಎಣಿಸಿದೆ. ಮೊದಲ ಹತ್ತು ನಿಮಿಷದಲ್ಲಿ 96 ಟ್ರಾನ್ಸಿಷನ್. ಒಂದೊಂದಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡ್. ಅದೇ ಲೆಕ್ಕದಲ್ಲಿ 70 ನಿಮಿಷಕ್ಕೆ ಸುಮಾರು 11 ನಿಮಿಷ. ಅಂದರೆ 11 ನಿಮಿಷ ಕಾಲ ನಮ್ಮ ನೆಂಟರಿಷ್ಟರು ಮನುಷ್ಯರೂಪದಲ್ಲಿರಲಿಲ್ಲ. ಪೆಟ್ಟಿಗೆ, ಎಸಳು, ನೀರಿನ ಅಲೆ, ಒಡೆದ ಗಾಜು ಆಗಿದ್ದರು. ನಮ್ಮಲ್ಲಿ ಸೆಕೆಂಡಿಗೆ 25 ಫ್ರೇಮಿನ ಲೆಕ್ಕ. ಒಂದು ಸೆಕೆಂಡಿನ ಟ್ರಾನ್ಸಿಷನ್ ಹಿಂದಿನ ಶಾಟಿನ ಬಾಲವನ್ನೂ ಮುಂದಿನದರ ತಲೆಯನ್ನೂ ಒಟ್ಟಿಗೆ ನುಂಗುತ್ತದೆ. ಮನುಷ್ಯನ ಮುಖದಲ್ಲಿ ಏನಾದರೂ ಆಗುವುದು ಸಾಮಾನ್ಯವಾಗಿ ಆ ಬಾಲದಲ್ಲೇ. ಮಾತು ಮುಗಿದ ಮೇಲೆ ತುಟಿ ತುಸು ಅದುರುತ್ತದೆ, ನಗು ಮುಗಿದು ಕಣ್ಣು ಕೆಳಗಾಗುತ್ತದೆ. ‘ಅಪೋಕ್ಯಾಲಿಪ್ಸ್ ನೌ’ ಸಂಕಲಿಸಿದವರಲ್ಲಿ ಒಬ್ಬರಾದ ವಾಲ್ಟರ್ ಮರ್ಚ್ ತಮ್ಮ ಪುಸ್ತಕದಲ್ಲಿ ಒಂದು ಮಾರ್ಕಿನ ಪಟ್ಟಿ ಕೊಟ್ಟಿದ್ದಾರೆ. ಎಲ್ಲಿ ಕತ್ತರಿಸಬೇಕೆಂಬುದಕ್ಕೆ ನೂರಕ್ಕೆ 51 ಅಂಕ ಭಾವಕ್ಕೆ, 23 ಕಥೆಗೆ, 10 ಲಯಕ್ಕೆ, ಉಳಿದದ್ದು ಕಣ್ಣು ಹರಿಯುವ ದಾರಿ, ಜಾಗದ ಹೊಂದಾಣಿಕೆ ಇತ್ಯಾದಿಗೆ. ಮನುಷ್ಯ ಒಂದು ಯೋಚನೆ ಮುಗಿದಾಗ ರೆಪ್ಪೆ ಬಡಿಯುತ್ತಾನೆ, ಕಟ್ ಇರಬೇಕಾದ್ದು ಅಲ್ಲಿ ಎಂಬುದು ಅವರ ನಂಬಿಕೆ. ರೆಪ್ಪೆ ಬಡಿಯುವುದಕ್ಕೆ ಗುಲಾಬಿ ಎಸಳು ಬೇಕಿಲ್ಲವಷ್ಟೆ.

ಹಾಗೆಂದು ನಾನು ಬರೀ ಕಟ್ಟಿನ ಕಟ್ಟಾ ಭಕ್ತನೇನಲ್ಲ. ಒಂದು ದೃಶ್ಯ ಇನ್ನೊಂದನ್ನು ಪಕ್ಕಕ್ಕೆ ಒರೆಸಿಕೊಂಡು ಹೋಗುವ ವೈಪ್ ಅನ್ನು ಜಪಾನಿನ ನಿರ್ದೇಶಕ ಕುರೋಸಾವಾ ‘ಸೆವೆನ್ ಸಮುರಾಯ್’ನಲ್ಲಿ (1954) ಬಳಸಿದ್ದು ನೋಡಿದರೆ ಇಲ್ಲಿಯದು ಆಯಿತು, ನಡೆಯಿರಿ ಅಲ್ಲಿಗೆ ಎಂದು ಊರಗೌಡ ಕೈಹಿಡಿದು ಕರೆದೊಯ್ದ ಹಾಗಿರುತ್ತದೆ. ಅವನಿಂದ ಕಲಿತ ಜಾರ್ಜ್ ಲೂಕಾಸ್ 1977ರಲ್ಲಿ ‘ಸ್ಟಾರ್ ವಾರ್ಸ್’ ತುಂಬ ಅದನ್ನೇ ಹರಡಿದ. ಅಲ್ಲಿಯೂ ಅದು ಒಪ್ಪುತ್ತದೆ. ದೂರ ಹೋಗುವುದೇಕೆ, ನಮ್ಮ ‘ಕೆಜಿಎಫ್ ಚಾಪ್ಟರ್ 2’ (2022) ಇದೆಯಲ್ಲ. ಅದನ್ನು ಸಂಕಲಿಸಿದ ಕಲಬುರಗಿಯ ಉಜ್ವಲ್ ಕುಲಕರ್ಣಿ ಅಭಿಮಾನಿಯಾಗಿ ವಿಡಿಯೊ ತುಣುಕು ಜೋಡಿಸುತ್ತಿದ್ದ, ಇಪ್ಪತ್ತರ ಆಸುಪಾಸಿನ ಹುಡುಗ. ನಿರ್ದೇಶಕ ಪ್ರಶಾಂತ್ ನೀಲ್ ಅವನನ್ನು ನಂಬಿ ಅಷ್ಟು ದೊಡ್ಡ ಚಿತ್ರ ಕೊಟ್ಟರು. ಶಾಟಿಗೂ ಶಾಟಿಗೂ ನಡುವೆ ಪರದೆ ಕ್ಷಣಕಾಲ ಕಪ್ಪಾಗಿ ಮತ್ತೆ ಬೆಳಗುವುದು ಆ ಚಿತ್ರದ ಗುರುತೇ ಆಯಿತು. ನನಗೆ ಮೊದಮೊದಲು ತಮಟೆಯ ಏಟಿನಂತೆ ಹಿಡಿಸಿತು. ಎರಡನೇ ಅರ್ಧದ ಹೊತ್ತಿಗೆ ಯಾರೋ ಸ್ವಿಚ್ಚಿನ ಜೊತೆ ಆಡುತ್ತಿದ್ದಾರೆ ಅನ್ನಿಸಿತು. ಏನೇ ಇರಲಿ, ಅದರ ಹಿಂದೆ ಒಂದು ಯೋಚನೆಯಿತ್ತು. ಆ ಕಪ್ಪು ಈಗ ಪುರಸಭೆ ಸದಸ್ಯರ ಹುಟ್ಟುಹಬ್ಬದ ವಿಡಿಯೊಗಳಿಗೆ ಇಳಿದಿದೆ. ಸದಸ್ಯರು ಕಾರಿನಿಂದ ಇಳಿಯುತ್ತಾರೆ, ಕಪ್ಪು. ಕನ್ನಡಕ ಹಾಕುತ್ತಾರೆ, ಕಪ್ಪು. ಚರಂಡಿ ಕಾಮಗಾರಿಗೆ ಗುದ್ದಲಿ ಪೂಜೆ ಮಾಡುತ್ತಾರೆ, ಕಪ್ಪು.

ಟಿವಿಯ ವಿಷಯ ಹೇಳಿ ಪ್ರಯೋಜನವಿಲ್ಲ. ಧಾರಾವಾಹಿಯ ಅತ್ತೆಯ ಮುಖಕ್ಕೆ ಕ್ಯಾಮೆರಾ ಮೂರು ಸಲ ನುಗ್ಗದಿದ್ದರೆ ಅವಳಿಗೆ ಸಿಟ್ಟು ಬಂದಿದೆಯೆಂದು ನಾವು ನಂಬುವುದಿಲ್ಲ ಎಂದು ಅವರು ತೀರ್ಮಾನಿಸಿಬಿಟ್ಟಿದ್ದಾರೆ. ಸುದ್ದಿಯಲ್ಲಿ ಸತ್ತವರ ಮನೆಯ ಅಂಗಳವೂ ಸುಯ್ಯೆಂದು ಹಾರಿ ಬಂದು, ಗುದ್ದಿ, ಮಿಂಚಿ ನಿಲ್ಲುತ್ತದೆ.

ಸೋಮವಾರ ಬೆಳಗ್ಗೆ ವಿಡಿಯೊ ಮಾಡಿದ ಹುಡುಗನ ಸ್ಟುಡಿಯೊ ಹುಡುಕಿಕೊಂಡು ಹೋದೆ. ಜಗಳಕ್ಕೆಂದೇ ಹೋದದ್ದು. ಅವನು ಮೊದಲು ಸ್ಟೂಲ್ ಕೊಟ್ಟ, ಆಮೇಲೆ ಟೀ ತರಿಸಿದ. ‘ಸಾರ್, ಹೋದ ವರ್ಷ ಒಬ್ರಿಗೆ ಎಫೆಕ್ಟೇ ಇಲ್ದೆ ನೀಟಾಗಿ ಮಾಡ್ಕೊಟ್ಟೆ. ಹದಿನೈದು ದಿನ ಕೂತು ಒಂದೊಂದು ಶಾಟ್ ಆರಿಸಿದ್ದೆ. ಏನ್ರೀ ಇದು, ಎಡಿಟಿಂಗೇ ಮಾಡಿಲ್ವಲ್ಲ ಅಂತ ಬ್ಯಾಲೆನ್ಸ್ ದುಡ್ಡು ಹಿಡ್ಕೊಂಡ್ರು. ಎಫೆಕ್ಟ್ ಕಂಡ್ರೆ ಕೆಲಸ ಕಂಡಂಗೆ ಜನಕ್ಕೆ.’ ನನ್ನ ಬಾಯಿ ಕಟ್ಟಿತು. ಒಳ್ಳೆಯ ಕಟ್ ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳದ ಕೆಲಸಕ್ಕೆ ನಾವು ಕಾಸು ಬಿಚ್ಚುವುದಿಲ್ಲ. ಹೊಲಿಗೆ ಕಾಣದ ಹಾಗೆ ಹೊಲಿದ ದರ್ಜಿಗೆ ಮೆಚ್ಚುಗೆ ಹೇಳುವ ನಾವೇ, ವಿಡಿಯೊದವನ ಹತ್ತಿರ ಮಾತ್ರ ಜರಿ ಕೇಳುತ್ತೇವೆ.

‘ಸರಿ ಕಣಪ್ಪಾ, ಮುಹೂರ್ತದ ಹೊತ್ತಿಗಾದ್ರೂ ಸುಮ್ನಿರಬಹುದಿತ್ತಲ್ಲ?’ ಎಂದೆ. ‘ಸುಮ್ನಿರ್ತಿದ್ದೆ ಸಾರ್. ಅಲ್ಲಿ ಯಾರೋ ಮೊಬೈಲ್ ಹಿಡ್ಕೊಂಡು ಕ್ಯಾಮೆರಾಗೆ ಅಡ್ಡ ಬಂದ್ಬಿಟ್ರು. ಅದನ್ನ ಮುಚ್ಚಕ್ಕೆ ಕ್ಯೂಬ್ ಹಾಕ್ದೆ, ಕ್ಯೂಬ್ ಒಂದೇ ಚಿಕ್ಕದಾಯ್ತು ಅಂತ ಎಸಳು ಹಾಕ್ದೆ.’ ರಾ ಫುಟೇಜ್ ಇದೆಯೇ ಎಂದು ಕೇಳಿದೆ. ಹಾರ್ಡ್ ಡಿಸ್ಕ್ ತೆಗೆದು, ಹತ್ತು ನಿಮಿಷ ಹುಡುಕಿ, ಆ ಒಂದು ಶಾಟನ್ನು ಪೂರ್ತಿಯಾಗಿ ಹಾಕಿ ತೋರಿಸಿದ.

ಪಟ ಅಲುಗುತ್ತದೆ. ಗಟ್ಟಿಮೇಳ ಶುರು. ಬಲಗಡೆಯಿಂದ ಒಂದು ಕೈ, ಕೈಯಲ್ಲೊಂದು ಫೋನು, ಮಣಿಕಟ್ಟಿಗೆ ಕಂದು ಪಟ್ಟಿಯ ವಾಚು. ನನ್ನದೇ. ಕೈ ಕೆಳಗಿಳಿಯುತ್ತದೆ. ಹುಡುಗಿ ಪಟದ ಅಂಚಿನ ಮೇಲಿಂದ ಕಣ್ಣೆತ್ತಿ ನೋಡುತ್ತಾಳೆ, ಯಾಕೋ ನಗು ತಡೆದುಕೊಳ್ಳುತ್ತಾಳೆ, ಆಮೇಲೆ ಬೆಲ್ಲ ಹಾಕುತ್ತಾಳೆ. ಎಲ್ಲ ಸೇರಿ ಹತ್ತು ಸೆಕೆಂಡು. ಅದನ್ನು ಫೋನಿಗೆ ಹಾಕಿಸಿಕೊಂಡು ಬಂದು ಅಕ್ಕನಿಗೆ ಕೊಟ್ಟೆ. ವಾಚಿನ ವಿಷಯ ನಾನಾಗಿ ಎತ್ತಲಿಲ್ಲ.

ಮಾಘದ ಮದುವೆಗಳಿಗೆ ಈಗಲೇ ಛತ್ರ ಹಿಡಿದಿರುತ್ತೀರಿ. ವಿಡಿಯೊದವರಿಗೆ ಮುಂಗಡ ಕೊಡುವಾಗಲೇ ಹೇಳಿಬಿಡಿ: ಅಂತರಪಟ ಸರಿಯುವಾಗ ಅದರ ಮೇಲೆ ಇನ್ನೊಂದು ಪರದೆ ಬೇಡ, ಎಫೆಕ್ಟ್ ಇಲ್ಲದಿದ್ದರೂ ಪೂರ್ತಿ ದುಡ್ಡು ಕೊಡುತ್ತೇವೆ, ರಾ ಫುಟೇಜ್ ಕೂಡ ನಮಗೆ ಬೇಕು. ಮುಹೂರ್ತಕ್ಕೆ ಐದು ನಿಮಿಷ ಮುಂಚೆ, ಹುಡುಗಿಯ ಸೋದರಮಾವ ಎಲ್ಲಿದ್ದಾನೆ ನೋಡಿ ಅವನ ಫೋನನ್ನು ಇಸಿದುಕೊಂಡು ಜೇಬಿನಲ್ಲಿಟ್ಟುಕೊಳ್ಳಿ.