ತಪ್ಪು ಕಟಕಟೆಗೆ ಹತ್ತಿದ ಮ್ಯಾಕ್ಸ್ ಮೋಸ್ಲಿ

ಮೋಟಾರು ರೇಸಿಂಗ್‌ನ ವಿಶ್ವಮಟ್ಟದ ಆಡಳಿತ ಸಂಸ್ಥೆಯಾದ ಎಫ್‌ಐಎಯ ಚುಕ್ಕಾಣಿಯನ್ನು ಮ್ಯಾಕ್ಸ್ ಮೋಸ್ಲಿ 1993ರಿಂದ 2009ರವರೆಗೆ, ಹದಿನಾರು ವರ್ಷ ಹಿಡಿದಿದ್ದರು. ಅಷ್ಟೂ ಅವಧಿಯಲ್ಲಿ ಅವರ ಕುರ್ಚಿ ನಿಜಕ್ಕೂ ಅಲುಗಾಡಿದ್ದು 2008ರಲ್ಲಿ. ಆ ಮಾರ್ಚ್‌ನಲ್ಲಿ ಲಂಡನ್ನಿನ ‘ನ್ಯೂಸ್ ಆಫ್ ದ ವರ್ಲ್ಡ್’ ಪತ್ರಿಕೆ, ಅವರು ಐವರು ಮಹಿಳೆಯರೊಂದಿಗೆ ಖಾಸಗಿಯಾಗಿ ಕಳೆದ ಹೊತ್ತನ್ನು ಗುಪ್ತ ಕ್ಯಾಮೆರಾದಲ್ಲಿ ಸೆರೆಹಿಡಿದು, ಅದಕ್ಕೆ ನಾಜಿ ಬಣ್ಣ ಬಳಿದು ಮುಖಪುಟದಲ್ಲಿ ಹಾಕಿತು. ಬಿಎಂಡಬ್ಲ್ಯು, ಮರ್ಸಿಡಿಸ್, ಹೋಂಡಾ, ಟೊಯೋಟಾ ಕಂಪನಿಗಳು ಅಸಹ್ಯ ವ್ಯಕ್ತಪಡಿಸಿದವು. ಜರ್ಮನಿಯ ಎಡಿಎಸಿ, ಅಮೆರಿಕದ ಎಎಎಯಂಥ ವಾಹನ ಸವಾರರ ಬಲಾಢ್ಯ ಸಂಘಗಳು ರಾಜೀನಾಮೆ ಕೇಳಿದವು. ಜೂನ್ 3ರಂದು ಪ್ಯಾರಿಸ್ಸಿನಲ್ಲಿ ವಿಶೇಷ ಮಹಾಸಭೆ ಸೇರಿ ರಹಸ್ಯ ಮತದಾನ ನಡೆದಾಗ 103 ಮತ ಪರ, 55 ಮತ ವಿರುದ್ಧ ಬಿದ್ದು ಮೋಸ್ಲಿ ಉಳಿದುಕೊಂಡರು. ಮರುತಿಂಗಳು ಲಂಡನ್ನಿನ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಈಡಿ, ನಾಜಿ ಅನುಕರಣೆ ನಡೆದದ್ದಕ್ಕೆ ಸಾಕ್ಷ್ಯವಿಲ್ಲ, ಈ ಸುದ್ದಿಯಲ್ಲಿ ಸಾರ್ವಜನಿಕ ಹಿತವೂ ಇಲ್ಲ ಎಂದು ಹೇಳಿ 60,000 ಪೌಂಡ್ ಪರಿಹಾರ ಕೊಡಿಸಿದರು. ತೀರ್ಪು ಸರಿಯಾಗಿಯೇ ಇತ್ತು. ತಪ್ಪಿದ್ದು ಜಗತ್ತು ಅವರನ್ನು ಹತ್ತಿಸಿದ ಕಟಕಟೆಯ ಆಯ್ಕೆಯಲ್ಲಿ. ಉತ್ತರ ಕೇಳಬೇಕಾಗಿದ್ದ ವ್ಯವಹಾರವೊಂದು ಅದಕ್ಕೆ ಏಳು ವರ್ಷ ಮೊದಲೇ ರುಜು ಬಿದ್ದು ಮುಗಿದಿತ್ತು. ಅದರ ಬಗ್ಗೆ ಯಾವ ಮುಖಪುಟವೂ ಕಿರುಚಲಿಲ್ಲ, ಯಾವ ವಿಶೇಷ ಮಹಾಸಭೆಯೂ ಸೇರಲಿಲ್ಲ.

ಆ ವ್ಯವಹಾರ ಇಷ್ಟು. ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ಎಫ್‌ಐಎಯ ಸ್ವತ್ತು. ಟಿವಿ ಪ್ರಸಾರ, ರೇಸ್ ನಡೆಸುವ ಊರುಗಳು ಕೊಡುವ ಶುಲ್ಕ, ಟ್ರ್ಯಾಕ್ ಬದಿಯ ಜಾಹೀರಾತು, ಇವೆಲ್ಲದರಿಂದ ಹಣ ಮಾಡುವ ಹಕ್ಕನ್ನು 2001ರ ಒಪ್ಪಂದದಲ್ಲಿ ಬರ್ನಿ ಎಕ್ಲೆಸ್ಟೋನ್ ಕಟ್ಟಿದ ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. ಗುತ್ತಿಗೆ 2011ರ ಜನವರಿ 1ರಿಂದ ಶುರು, ಅವಧಿ ನೂರು ವರ್ಷ, ಬೆಲೆ ಸುಮಾರು 30 ಕೋಟಿ ಡಾಲರ್. ಅಂದರೆ ವರ್ಷಕ್ಕೆ 30 ಲಕ್ಷ ಡಾಲರ್. ನಮ್ಮ ಹಳ್ಳಿಗಳಲ್ಲಿ ಕೆರೆಯ ಮೀನು ಹಿಡಿಯುವ ಹಕ್ಕನ್ನು ಕೂಡ ಕೆಲವೇ ವರ್ಷಕ್ಕೆ ಕೊಟ್ಟು, ಅವಧಿ ಮುಗಿದ ಮೇಲೆ ಮತ್ತೆ ಹರಾಜು ಕೂಗುತ್ತಾರೆ. ಇಲ್ಲಿ ಮರುಹರಾಜು ಕೂಗಬೇಕಾದವರು ಇನ್ನೂ ಹುಟ್ಟಿಯೇ ಇಲ್ಲ.

ಗುತ್ತಿಗೆ ಪಡೆದವರು ಯಾರೆಂಬುದೂ ಮುಖ್ಯ. ಮೋಸ್ಲಿ ಮತ್ತು ಎಕ್ಲೆಸ್ಟೋನ್ 1970ರ ದಶಕದಿಂದ ಜೊತೆಗಾರರು. ಬ್ಯಾರಿಸ್ಟರ್ ಆಗಿದ್ದ ಮೋಸ್ಲಿ 1969ರಲ್ಲಿ ಗೆಳೆಯರೊಂದಿಗೆ ಮಾರ್ಚ್ ಎಂಬ ರೇಸ್ ಕಾರು ಕಂಪನಿ ಕಟ್ಟಿದವರು. ಮುಂದೆ ಎಕ್ಲೆಸ್ಟೋನ್ ಮುಂದಾಳತ್ವದ ತಂಡಗಳ ಸಂಘಕ್ಕೆ ಕಾನೂನು ಸಲಹೆಗಾರರಾಗಿ, ರೇಸಿಂಗ್ ಆಡಳಿತದ ವಿರುದ್ಧ ಸೆಣಸಿ ಹಣ, ಅಧಿಕಾರಗಳ ಹಂಚಿಕೆ ಗೊತ್ತುಮಾಡಿದ 1981ರ ಕಾಂಕಾರ್ಡ್ ಒಪ್ಪಂದವನ್ನು ಗಿಟ್ಟಿಸಿಕೊಟ್ಟರು. ತಂಡಗಳ ಪರ ವಕೀಲಿಕೆ ಮಾಡಿದವರು ಹತ್ತು ವರ್ಷದಲ್ಲಿ ಆಗಿನ ಅಧ್ಯಕ್ಷ ಜೀನ್ ಮರಿ ಬಾಲೆಸ್ತ್ರ್ ಅವರನ್ನು ಸೋಲಿಸಿ ಆಡಳಿತದ ಕುರ್ಚಿಗೇ ಬಂದರು. 1997ರ ಅಕ್ಟೋಬರ್‌ನಲ್ಲಿ ಪ್ರಧಾನಿ ಟೋನಿ ಬ್ಲೇರ್ ಅವರನ್ನು ಕಂಡು, ತಂಬಾಕು ಜಾಹೀರಾತು ನಿಷೇಧದಿಂದ ಫಾರ್ಮುಲಾ ಒನ್‌ಗೆ ವಿನಾಯಿತಿ ಕೇಳಿದಾಗಲೂ ಇಬ್ಬರೂ ಜೊತೆಗಿದ್ದರು. ಎಕ್ಲೆಸ್ಟೋನ್ ಅದೇ ವರ್ಷ ಲೇಬರ್ ಪಕ್ಷಕ್ಕೆ 10 ಲಕ್ಷ ಪೌಂಡ್ ದೇಣಿಗೆ ಕೊಟ್ಟಿದ್ದು ಹೊರಬಿದ್ದು, ಪಕ್ಷ ಅದನ್ನು ಹಿಂದಿರುಗಿಸಬೇಕಾಯಿತು. ನಿಯಮ ಮಾಡುವವರೂ ಲಾಭ ಮಾಡುವವರೂ ಒಂದೇ ಸೋಫಾದ ಮೇಲೆ ಕೂತು ಸರ್ಕಾರದೊಂದಿಗೆ ಮಾತಾಡುವುದು ಆಗಲೇ ರೂಢಿಯಾಗಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮೋಸ್ಲಿ ಪರ ವಾದಗಳು ಹಗುರವಾದವಲ್ಲ. ಯುರೋಪಿಯನ್ ಕಮಿಷನ್ 1999ರಲ್ಲಿ ಎಫ್‌ಐಎ ಮೇಲೆ ಆಕ್ಷೇಪ ಹೊರಿಸಿ, ಆಟದ ನಿಯಂತ್ರಣವನ್ನೂ ಅದರ ವ್ಯಾಪಾರವನ್ನೂ ಬೇರೆ ಮಾಡಿ ಎಂದು ಒತ್ತಿದ್ದು ನಿಜ. 2010ರವರೆಗಿನ ಹಕ್ಕು ಮೊದಲೇ ಎಕ್ಲೆಸ್ಟೋನ್ ಕೈಯಲ್ಲಿತ್ತು, ಆದ್ದರಿಂದ ಮಾರಾಟಕ್ಕಿದ್ದುದು ಹತ್ತು ವರ್ಷ ದೂರದ ಆದಾಯ ಎನ್ನುವುದೂ ನಿಜ. 2000ದಲ್ಲಿ ಸಂಸ್ಥೆಯ ಮಹಾಸಭೆ ಇದಕ್ಕೆ ತಲೆಯಾಡಿಸಿತ್ತು. ಬಂದ ಹಣ ಯಾರ ಜೇಬಿಗೂ ಹೋಗಲಿಲ್ಲ, ರಸ್ತೆ ಸುರಕ್ಷತೆಗೆಂದು ಸ್ಥಾಪಿಸಿದ ಎಫ್‌ಐಎ ಫೌಂಡೇಷನ್ನಿಗೆ ಹೋಯಿತು. ಇಷ್ಟನ್ನೂ ಒಪ್ಪೋಣ. ಆದರೂ ಬೇರೆ ಮಾಡಿ ಎಂದ ಕಮಿಷನ್ ಶತಮಾನಕ್ಕೆ ಬೇರೆ ಮಾಡಿ ಎಂದಿರಲಿಲ್ಲ. ಹತ್ತು ಹದಿನೈದು ವರ್ಷದ ಗುತ್ತಿಗೆಯಿಂದಲೂ ಆ ಉದ್ದೇಶ ಈಡೇರುತ್ತಿತ್ತು. ಬೆಲೆಯ ವಿಷಯದಲ್ಲಿ ಮಾರುಕಟ್ಟೆಯೇ ಆಗ ಮಾತಾಡುತ್ತಿತ್ತು: ಎಕ್ಲೆಸ್ಟೋನ್ ಕುಟುಂಬದ ಕಂಪನಿಯ ಅರ್ಧ ಪಾಲಿಗೆ 2000ದಲ್ಲಿ ಹೂಡಿಕೆದಾರರು 100 ಕೋಟಿ ಡಾಲರಿಗೂ ಹೆಚ್ಚು ಸುರಿದರು. ನೂರು ವರ್ಷದ ಹಕ್ಕು ಕೈಗೆ ಬಂದ ಮೇಲೆ ಅದೇ ವ್ಯಾಪಾರ ಕೈಯಿಂದ ಕೈಗೆ ದಾಟಿ, 2017ರಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಕೊಳ್ಳುವಾಗ ಸಾಲವೂ ಸೇರಿ 800 ಕೋಟಿ ಡಾಲರಿನ ಲೆಕ್ಕಕ್ಕೆ ಬಂದು ನಿಂತಿತ್ತು. ಹಾಗೆ ಏರಿದ ಬೆಲೆ ಎಕ್ಲೆಸ್ಟೋನ್ ಅವರ ದುಡಿಮೆಯ ಫಲ ಎನ್ನುವವರಿದ್ದಾರೆ. ಬಹುಪಾಲು ಹೌದು. ದುಡಿಯುವವನಿಗೆ ಕೂಲಿ ಕೊಡಬೇಕು, ಹೊಲವನ್ನೇ ಬರೆದುಕೊಡಬೇಕಿಲ್ಲ.

ಈ ಲೆಕ್ಕವನ್ನು ಭಾರತದಲ್ಲಿ ಕೂತೇ ತಾಳೆ ನೋಡಬಹುದು. ಗ್ರೇಟರ್ ನೊಯಿಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ಮೊದಲ ಇಂಡಿಯನ್ ಗ್ರಾನ್ ಪ್ರಿ ನಡೆದದ್ದು 2011ರ ಅಕ್ಟೋಬರ್‌ನಲ್ಲಿ, ಅಂದರೆ ನೂರು ವರ್ಷದ ಗುತ್ತಿಗೆಯ ಮೊದಲನೇ ವರ್ಷ. ಆ ರೇಸಿಗಾಗಿ ಜೇಪೀ ಸಂಸ್ಥೆ ಹಕ್ಕುದಾರ ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದದ ಮೊತ್ತ 4 ಕೋಟಿ ಡಾಲರ್. ಆ ಹಣಕ್ಕೆ ಇಲ್ಲಿ ತೆರಿಗೆ ಕಟ್ಟಬೇಕೋ ಬೇಡವೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಗಿ, ಕಟ್ಟಬೇಕು ಎಂದು 2017ರ ಏಪ್ರಿಲ್‌ನಲ್ಲಿ ತೀರ್ಪಾಯಿತು. 2001ರ ಗುತ್ತಿಗೆಯ ಜಾಡನ್ನು ನಮ್ಮ ನ್ಯಾಯಾಲಯ ಆ ತೀರ್ಪಿನಲ್ಲಿ ಬಿಡಿಸಿಟ್ಟಿದೆ. ಇಷ್ಟೇ ಶುಲ್ಕ ಕೊಡುವ ಎಂಟು ಆತಿಥೇಯರು ಸಿಕ್ಕರೆ ಇಡೀ ಶತಮಾನದ ಬೆಲೆ ಒಂದೇ ವರ್ಷದಲ್ಲಿ ಕೈಗೆ ಬರುತ್ತದೆ. ಮುಂಗಡ ಕೊಟ್ಟ ಹಣಕ್ಕೆ ಹತ್ತು ವರ್ಷದ ಬಡ್ಡಿ ಸೇರಿಸಿ ದುಪ್ಪಟ್ಟು ಮಾಡಿಕೊಂಡರೂ ಎರಡು ವರ್ಷ ಸಾಕು. ಆ ವರ್ಷದ ಪಟ್ಟಿಯಲ್ಲಿ ಇದ್ದದ್ದು 19 ರೇಸ್‌ಗಳು. ಇನ್ನೊಂದು ಹೋಲಿಕೆ ಮೋಸ್ಲಿ ಅವರ ಕೈಕೆಳಗೇ ಸಿಗುತ್ತದೆ. ಫೆರಾರಿಯ ತಾಂತ್ರಿಕ ಗುಟ್ಟುಗಳನ್ನು ಇಟ್ಟುಕೊಂಡ ಪ್ರಕರಣದಲ್ಲಿ 2007ರಲ್ಲಿ ಎಫ್‌ಐಎ, ಮೆಕ್‌ಲಾರೆನ್ ತಂಡಕ್ಕೆ 10 ಕೋಟಿ ಡಾಲರ್ ದಂಡ ಹಾಕಿತು (ಬರಬೇಕಿದ್ದ ಬಹುಮಾನದ ಹಣ ಅದರಲ್ಲಿ ಕಳೆಯುತ್ತದೆ). ಒಂದು ತಂಡದ ಒಂದು ಅಪರಾಧದ ಬೆಲೆ, ಇಡೀ ಆಟದ ನೂರು ವರ್ಷದ ಬೆಲೆಯ ಮೂರನೇ ಒಂದು ಪಾಲು!

ಹಾಗಾದರೆ ಅವರು ಕೆಟ್ಟ ಆಡಳಿತಗಾರರೇ? ಖಂಡಿತ ಅಲ್ಲ, ತೊಡಕಿರುವುದೇ ಅಲ್ಲಿ. 1994ರಲ್ಲಿ ಇಮೋಲಾದಲ್ಲಿ ಒಂದೇ ದಿನದ ಅಂತರದಲ್ಲಿ ರೋಲಾಂಡ್ ರಾಟ್ಸೆನ್‌ಬರ್ಗರ್ ಮತ್ತು ಅಯರ್ಟನ್ ಸೆನ್ನಾ ಸತ್ತಾಗ, ಇದು ಆಟದ ಹಣೆಬರಹ ಎಂದು ಕೈಚೆಲ್ಲದೆ ಮೋಸ್ಲಿ ವೈದ್ಯ ಸಿಡ್ ವಾಟ್ಕಿನ್ಸ್ ನೇತೃತ್ವದಲ್ಲಿ ತಜ್ಞರ ಗುಂಪು ಕಟ್ಟಿದರು. ಎಂಜಿನ್ ಚಿಕ್ಕದಾಯಿತು, ಚಾಲಕನ ತಲೆಯ ಪಕ್ಕದ ಗೋಡೆ ಎತ್ತರವಾಯಿತು, 2003ರಿಂದ ಕುತ್ತಿಗೆ ಕಾಯುವ ಹ್ಯಾನ್ಸ್ ಪಟ್ಟಿ ಕಡ್ಡಾಯವಾಯಿತು. ಆಮೇಲೆ ಗ್ರಾನ್ ಪ್ರಿಯಲ್ಲಿ ಚಾಲಕನ ಜೀವ ತೆಗೆದ ಅಪಘಾತ ಆದದ್ದು 2014ರಲ್ಲಿ, ಸುಜುಕಾದಲ್ಲಿ. ಅದೇ ಹಟವನ್ನು ಅವರು ಸಾಮಾನ್ಯರ ಕಾರುಗಳತ್ತಲೂ ತಿರುಗಿಸಿದರು. ಕಾರುಗಳನ್ನು ಗೋಡೆಗೆ ಗುದ್ದಿಸಿ ನಕ್ಷತ್ರ ಕೊಡುವ ಯುರೋ ಎನ್‌ಕ್ಯಾಪ್‌ನ ಅಧ್ಯಕ್ಷರಾಗಿದ್ದರು, ಮುಂದೆ ಗ್ಲೋಬಲ್ ಎನ್‌ಕ್ಯಾಪ್‌ಗೂ ಅಧ್ಯಕ್ಷರಾದರು. 2014ರ ಜನವರಿಯಲ್ಲಿ ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಹುಂಡೈ ಐ10, ಫೋರ್ಡ್ ಫಿಗೊ, ಏರ್‌ಬ್ಯಾಗ್ ಇಲ್ಲದ ಫೋಕ್ಸ್‌ವ್ಯಾಗನ್ ಪೋಲೊ ಐದಕ್ಕೂ ಸೊನ್ನೆ ಕೊಟ್ಟು ನಮ್ಮ ಕಾರು ಕಂಪನಿಗಳ ನಿದ್ದೆ ಕೆಡಿಸಿದ್ದು ಈ ಸಂಸ್ಥೆ. ಇಂದು ಕಾರು ಕೊಳ್ಳುವ ಮಧ್ಯಮವರ್ಗದ ಮನೆಯಲ್ಲಿ ಮೈಲೇಜಿನ ಜೊತೆಗೆ ಎಷ್ಟು ಸ್ಟಾರ್ ಎಂಬ ಪ್ರಶ್ನೆಯೂ ಬರುತ್ತದೆಂದರೆ ಅದರಲ್ಲಿ ಮೋಸ್ಲಿ ಪಾಲೂ ಇದೆ. ಆದರೆ ಒಂದು ಖಾತೆಯ ಪುಣ್ಯವನ್ನು ಇನ್ನೊಂದು ಖಾತೆಯ ಸಾಲಕ್ಕೆ ವಜಾ ಹಾಕುವ ಲೆಕ್ಕ ಸಾರ್ವಜನಿಕ ಹುದ್ದೆಗೆ ಒಗ್ಗುವುದಿಲ್ಲ. ಜೀವ ಉಳಿಸಿದ್ದಕ್ಕೆ ಋಣಿಯಾಗಿರುವುದಕ್ಕೂ ಗುತ್ತಿಗೆಗೆ ಉತ್ತರ ಕೇಳುವುದಕ್ಕೂ ವಿರೋಧವೇನಿಲ್ಲ.

ಇನ್ನೊಂದು ಆಕ್ಷೇಪ ನೈತಿಕತೆಯದು. ದೊಡ್ಡ ಹುದ್ದೆಯವರ ಖಾಸಗಿ ನಡತೆಯೂ ಚಾರಿತ್ರ್ಯದ ಕನ್ನಡಿ, ಅದರಲ್ಲೂ ಬ್ರಿಟನ್ನಿನ ಫ್ಯಾಸಿಸ್ಟ್ ನಾಯಕ ಆಸ್ವಾಲ್ಡ್ ಮೋಸ್ಲಿಯ ಮಗನ ವಿಷಯದಲ್ಲಿ ಅದನ್ನು ಬಿಡಲಾಗದು ಎನ್ನುತ್ತಾರೆ. ಅಪ್ಪನ ಪಾಪವನ್ನು ಮಗನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಆದರೆ ಮಗನ ಸ್ವಂತ ಲೆಕ್ಕದಲ್ಲೂ ಒಂದು ಪುಟವಿತ್ತು: 1961ರಲ್ಲಿ ಅಪ್ಪನ ಪಕ್ಷದ ಉಪಚುನಾವಣಾ ಅಭ್ಯರ್ಥಿಗಾಗಿ ಅಚ್ಚಾದ ಜನಾಂಗದ್ವೇಷದ ಕರಪತ್ರದ ಪ್ರಕಾಶಕರಾಗಿ ಇದೇ ಮ್ಯಾಕ್ಸ್ ಹೆಸರಿತ್ತು ಎಂಬುದನ್ನು ‘ಡೈಲಿ ಮೇಲ್’ 2018ರಲ್ಲಿ ಹೊರತಂದಿತು. ಅದಕ್ಕೆ ಅವರು ಉತ್ತರ ಕೊಡಲೇಬೇಕಿತ್ತು, ತೃಪ್ತಿಕರವಾಗಿ ಕೊಡಲಿಲ್ಲ. ಕರಪತ್ರ ಊರಿಗೆಲ್ಲ ಹಂಚಿದ್ದು, ಓಟು ಕೇಳಲು ಬರೆದದ್ದು. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಒಪ್ಪಿದ ವಯಸ್ಕರ ನಡುವೆ ನಡೆದದ್ದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಕೊನೆಗೆ ಎರಡರ ತೂಕವೂ ಸಿಗುವುದಿಲ್ಲ. 2008ರಲ್ಲಿ ಆದದ್ದೂ ಅದೇ. ಕೋಣೆಯ ಗದ್ದಲದಲ್ಲಿ ಮೋಸ್ಲಿ ಪತ್ರಿಕಾ ದೌರ್ಜನ್ಯಕ್ಕೆ ಬಲಿಯಾದವರಾಗಿ, ಮುಂದೆ ಖಾಸಗಿತನದ ಹೋರಾಟಗಾರರಾಗಿ ಇತಿಹಾಸಕ್ಕೆ ಸೇರಿದರು. ಪಾತ್ರ ಸುಳ್ಳಲ್ಲ, ಆದರೆ ಅದರ ನೆರಳಿನಲ್ಲಿ ಗುತ್ತಿಗೆ ಕಣ್ಮರೆಯಾಯಿತು.

2021ರಲ್ಲಿ ಮೋಸ್ಲಿ ತೀರಿಕೊಂಡರು, ಗುತ್ತಿಗೆ ಜೀವಂತವಾಗಿದೆ. 2023ರ ಜನವರಿಯಲ್ಲಿ ಎಫ್‌ಐಎಯ ಈಗಿನ ಅಧ್ಯಕ್ಷ ಮೊಹಮ್ಮದ್ ಬಿನ್ ಸುಲಾಯೆಮ್, ಫಾರ್ಮುಲಾ ಒನ್‌ಗೆ 2,000 ಕೋಟಿ ಡಾಲರ್ ಬೆಲೆ ಹೇಳುತ್ತಿರುವುದು ಉಬ್ಬಿಸಿದ ಮಾತು ಎಂದು ಟ್ವೀಟ್ ಮಾಡಿದಾಗ, ವಾಣಿಜ್ಯ ಹಕ್ಕು ಸಂಪೂರ್ಣ ನಮ್ಮದು, ಅದರಲ್ಲಿ ಕೈಹಾಕಬೇಡಿ ಎಂದು ಕಂಪನಿಯ ವಕೀಲರು ಪತ್ರ ಬರೆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ಆಂಡ್ರೆಟ್ಟಿ ತಂಡ ಎಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದೆ ಎಂದು ಎಫ್‌ಐಎ ಒಪ್ಪಿಗೆ ಮುದ್ರೆ ಒತ್ತಿತು. ಸುಮಾರು ನಾಲ್ಕು ತಿಂಗಳ ಬಳಿಕ, 2024ರ ಜನವರಿ ಕೊನೆಗೆ, ಈ ತಂಡದಿಂದ ಚಾಂಪಿಯನ್‌ಷಿಪ್‌ಗೆ ಲಾಭವಿಲ್ಲ ಎಂದು ವಾಣಿಜ್ಯ ಹಕ್ಕುದಾರರು ಅದನ್ನು ತಳ್ಳಿಹಾಕಿದರು. ಜನರಲ್ ಮೋಟರ್ಸ್ ತನ್ನ ಕ್ಯಾಡಿಲ್ಯಾಕ್ ಹೆಸರನ್ನು ಮುಂದಿಟ್ಟು ಬಂದ ಮೇಲಷ್ಟೇ ಅವರು ಬಾಗಿಲು ತೆರೆದರು. ತನ್ನದೇ ಚಾಂಪಿಯನ್‌ಷಿಪ್‌ಗೆ ಯಾರು ಬರಬೇಕು ಎಂಬುದರಲ್ಲೂ ಕೊನೆಯ ಮಾತು ಎಫ್‌ಐಎ ಬಳಿ ಉಳಿದಿಲ್ಲ. ಗುತ್ತಿಗೆ ಮುಗಿಯುವುದು 2110ರ ಡಿಸೆಂಬರ್ ಕೊನೆಗೆ.