ಸುತ್ತಿಹೋದವರ ಕಮಾನು

ಅಮೆರಿಕದ ಒಹಾಯೊ ಪ್ರಾಂತದ ಓಬರ್ಲಿನ್ ಕಾಲೇಜಿನ ಆವರಣದಲ್ಲಿ, ಟ್ಯಾಪನ್ ಚೌಕದ ಅಂಚಿಗೆ, ಸುಣ್ಣಕಲ್ಲಿನ ಒಂದು ಸ್ಮಾರಕ ಕಮಾನಿದೆ. ನಾನು ಅದನ್ನು ಕಣ್ಣಾರೆ ಕಂಡವನಲ್ಲ. ಚಿತ್ರಗಳಿಂದಲೂ ಚರಿತ್ರೆಯಿಂದಲೂ ಬಲ್ಲೆ. ಪದವೀಪ್ರದಾನದ ದಿನ ಮೆರವಣಿಗೆಯು ಅದರಡಿಯಲ್ಲಿ ಹಾದುಹೋಗುವುದು ಅಲ್ಲಿಯ ಸಂಪ್ರದಾಯ. ಆದರೆ ಒಳಹೊಗಲೊಪ್ಪದೆ ಪಕ್ಕದಿಂದ ಸುತ್ತಿಹೋದ ವಿದ್ಯಾರ್ಥಿಗಳು ಅನೇಕರು. ಕಲ್ಲಿನ ಮೇಲೆ ಅವರಿಗೇಕೆ ಇಷ್ಟು ಮುನಿಸು?

1900ರಲ್ಲಿ ಚೀನಾದಲ್ಲಿ ಬಾಕ್ಸರ್ ದಂಗೆ ಎದ್ದಾಗ, ಷಾನ್‌ಷಿ ಪ್ರಾಂತದಲ್ಲಿ ಧರ್ಮಪ್ರಚಾರಕ್ಕೆ ನೆಲೆಸಿದ್ದ ಓಬರ್ಲಿನ್ನಿನ ಸ್ತ್ರೀಪುರುಷರು ಮಕ್ಕಳೊಡನೆ ಹತರಾದರು. ಅವರ ನೆನಪಿಗೆ 1903ರಲ್ಲಿ ಎದ್ದುದು ಈ ಕಮಾನು. ಮಕ್ಕಳ ಹೆಸರುಗಳೂ ಅದರಲ್ಲುಂಟು. ಆ ದುಃಖವನ್ನು ಹಗುರವಾಗಿ ಎಣಿಸುವವನು ನಾನಲ್ಲ. ಆದರೆ ಅದೇ ದಂಗೆಯಲ್ಲಿ ಮಡಿದ ಚೀನೀ ಕ್ರೈಸ್ತರು ಪರದೇಶೀಯರಿಗಿಂತ ಎಷ್ಟೋ ಪಾಲು ಹೆಚ್ಚು. ಮುಂದೆ ಎಂಟು ರಾಷ್ಟ್ರಗಳ ಸೈನ್ಯ ಬೀಜಿಂಗನ್ನು ಸೂರೆಗೈದಾಗ ಸತ್ತ ಸಾಮಾನ್ಯರಂತೂ ಲೆಕ್ಕಕ್ಕೇ ಬರಲಿಲ್ಲ. (ಬ್ರಿಟಿಷರ ಕೊಡಿಯ ಕೆಳಗೆ ಅಲ್ಲಿಗೆ ನಡೆದವರಲ್ಲಿ ನಮ್ಮ ರಜಪೂತರೂ ಸಿಖ್ಖರೂ ಇದ್ದರು, ಪರರ ಕಮಾನಿನ ವಿಚಾರವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ.) 1901ರ ಒಪ್ಪಂದವು ಚೀನಾದ ಮೇಲೆ 45 ಕೋಟಿ ತೇಲು ಬೆಳ್ಳಿಯ ದಂಡವನ್ನು ಹೇರಿ, 39 ವರ್ಷಗಳಲ್ಲಿ ಬಡ್ಡಿಸಮೇತ ತೆರಬೇಕೆಂದು ವಿಧಿಸಿತು. ಕಮಾನು ಇವೆಲ್ಲಕ್ಕೂ ಮೂಕವಾಗಿತ್ತು.

ಹಾಗಾದರೆ ಕೆಡವಿಬಿಡಬೇಕೆ? 2020ರ ಜೂನಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಜನ, ಗುಲಾಮರ ವ್ಯಾಪಾರಿಯಾಗಿದ್ದ ಕೋಲ್‌ಸ್ಟನ್ನನ ವಿಗ್ರಹವನ್ನು ಉರುಳಿಸಿ ಬಂದರಿನ ನೀರಿಗೆ ಎಸೆದರು. ಆ ವಿಗ್ರಹಕ್ಕಾಗಿ ನನಗೆ ಮರುಕವಿಲ್ಲ. ಅದು ಒಬ್ಬ ಧನಿಕನ ಹೊಗಳಿಕೆ. ಇದಾದರೋ ಸತ್ತವರ ಹೆಸರು ಹೊತ್ತ ಕಲ್ಲು. ಎರಡಕ್ಕೂ ಒಂದೇ ನ್ಯಾಯ ಸಲ್ಲದು.

ಬೀಜಿಂಗಿನಲ್ಲಿ ನಡೆದುದು ಬೇರೆ ಬಗೆ. ದಂಗೆಯಲ್ಲಿ ಹತನಾದ ಜರ್ಮನ್ ರಾಯಭಾರಿ ಕೆಟೆಲರನಿಗಾಗಿ, ಅದೇ ಒಪ್ಪಂದದ ಬಲದಿಂದ, ಚೀನೀಯರೇ ತಮ್ಮ ಬೀದಿಯಲ್ಲಿ ಕಲ್ಲಿನ ತೋರಣವೊಂದನ್ನು ಕಟ್ಟಬೇಕಾಯಿತು. ಮಹಾಯುದ್ಧದಲ್ಲಿ ಜರ್ಮನಿ ಸೋತೊಡನೆ ಅದನ್ನು ಕಿತ್ತು, ಉದ್ಯಾನವೊಂದರಲ್ಲಿ ನಿಲ್ಲಿಸಿ, ನ್ಯಾಯದ ಗೆಲುವಿನ ಹೆಸರಿಟ್ಟರು. 1950ರ ದಶಕದಲ್ಲಿ ಮತ್ತೆ ಹೆಸರು ಬದಲಾಗಿ, ಶಾಂತಿರಕ್ಷಣೆಯ ಮಾತು ಅದರ ಮೇಲೆ ಬಂದಿತು. ಒಂದೇ ಕಲ್ಲು, ಮೂರು ಬರಹ! ಅವಮಾನದ ಗುರುತನ್ನು ಹೊತ್ತವರು ಅದನ್ನು ಅಳಿಸಿದ್ದನ್ನು ತಪ್ಪೆನ್ನಲು ನನಗೆ ಬಾಯಿ ಬಾರದು.

ಓಬರ್ಲಿನ್ನಿನವರ ಸ್ಥಿತಿ ಹಾಗಲ್ಲ. ಅವರು ಗೆದ್ದ ಪಕ್ಷದವರು. ಹಳೆಯ ಬರಹವನ್ನು ಅಳಿಸಿದ್ದರೆ ತಮ್ಮ ಹಿರಿಯರ ಮಾತನ್ನೇ ಮರೆಮಾಚಿದಂತಾಗುತ್ತಿತ್ತು. 1990ರ ದಶಕದಲ್ಲಿ ಅವರು, ದಂಗೆಯಲ್ಲಿ ಮಡಿದ ಚೀನೀಯರ ಸ್ಮರಣೆಗೆಂದು ಒಂದು ಫಲಕವನ್ನು ಕಮಾನಿಗೆ ಸೇರಿಸಿದರು. ಎದ್ದು ತೊಂಬತ್ತು ವರ್ಷ ಕಳೆದ ಮೇಲೆ! ಎತ್ತರದ ಕಮಾನಿನ ಮುಂದೆ ಫಲಕ ಚಿಕ್ಕದು, ನಿಜ. ಆದರೂ ಸುತ್ತಿಹೋಗುವವರಿಲ್ಲದಿದ್ದರೆ ಅಷ್ಟಾದರೂ ಬರುತ್ತಿತ್ತೇ ಎಂಬುದು ನನ್ನ ಅನುಮಾನ.