ಅಸಡ್ಡೆ ಯಾರದು?

ವನದುರ್ಗದ ಕಡೆಯ ಬೀದಿ ವ್ಯಾಪಾರಿಗಳಿಗೆ ಮಕ್ಕಳ ಓದಿನ ಬಗ್ಗೆ ಅಸಡ್ಡೆ ಎಂದು ಬರೆದವರ ಮಾತನ್ನು ನಾನು ಒಪ್ಪುವುದಿಲ್ಲ. ಶಹಾಪುರದ ಸಂತೆಯಲ್ಲಿ ತಾಯಿ ತಕ್ಕಡಿ ಹಿಡಿದರೆ, ಪಕ್ಕದಲ್ಲಿ ಗೋಣಿಚೀಲದ ಮೇಲೆ ಕೂತ ಹಿರಿಮಗಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಚಿಲ್ಲರೆ ಎಣಿಸುತ್ತಾಳೆ. ಕೂಸನ್ನು ನೋಡಿಕೊಳ್ಳುವವರು ಸಿಕ್ಕರೆ ಆ ಹುಡುಗಿ ನಾಳೆಯೇ ಶಾಲೆಗೆ ಬಂದಾಳು.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ನಗರ, ಪಟ್ಟಣಗಳಿಗಷ್ಟೇ. ಹಳ್ಳಿಯಲ್ಲೇ ವ್ಯಾಪಾರ ಮಾಡುವವರಿಗೆ ಅದರ ಆಸರೆಯೂ ಇಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಹಳ್ಳಿಗೂ ಅನ್ವಯಿಸುತ್ತದೆ. ಅದರ 9ನೇ ಕಲಂ ಪ್ರಕಾರ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು, ವಲಸೆ ಕುಟುಂಬದ ಮಕ್ಕಳಿಗೂ ಶಾಲೆಯಲ್ಲಿ ಪ್ರವೇಶ ಕೊಡಿಸುವುದು ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಯ ಹೊಣೆ. ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ ಎನ್ನುತ್ತದೆ 5ನೇ ಕಲಂ. ತಾಯಂದಿರನ್ನು ದೂರುವ ಮುನ್ನ ಲೇಖಕರು ಪಂಚಾಯಿತಿಗೆ ಹೋಗಿ ಆ ದಾಖಲೆ ತೋರಿಸಿ ಎಂದು ಕೇಳಲಿ.